ಕಿರ್ಗಿಸ್ತಾನದ ಘಾಟಿಯಲ್ಲಿ ಎದ್ದ ಹಿಟ್ಟು

ಮೊದಲೇ ಹೇಳಿಬಿಡುತ್ತೇನೆ. ಕಿರ್ಗಿಸ್ತಾನದ ಪರ್ವತಘಾಟಿಯೊಂದನ್ನು ನಾನು ಸೈಕಲಿನೊಂದಿಗೆ ದಾಟಿದ್ದೇನೆ. ಐವತ್ತು ದಾಟಿದ ಮೇಲೆ, ಈ ಹೊಟ್ಟೆಯನ್ನೂ ಹೊತ್ತುಕೊಂಡು! ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೆಲವು ವಿವರಗಳಿವೆ, ಅಷ್ಟೆ.

ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅಪ್ಪ ಬಿಟ್ಟುಹೋದ ಗಲ್ಲಾದಲ್ಲಿ ಕೂತು ನನ್ನ ಕೂದಲು ನರೆತಿದೆ. ಆದರೂ ಅಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಬ್ಯಾಂಕಿನಲ್ಲಿ, ದೇವಸ್ಥಾನದಲ್ಲಿ, ಒಮ್ಮೆ ಸ್ಮಶಾನದಲ್ಲೂ, ಎದುರಾದವರು ಮರಾಠಿಯಲ್ಲಿ ಕೇಳಿದ್ದು ಒಂದೇ, ಇವತ್ತು ದೋಸೆ ಇಲ್ಲವೇ ಅಂತ: "ಕಾಯ್ ಅಣ್ಣಾ, ಆಜ್ ಡೋಸಾ ಬಂದ್ ಕಾ?" ಸಾಯುವುದರೊಳಗೆ ಒಮ್ಮೆಯಾದರೂ ಜನ ನನ್ನನ್ನು ದೋಸೆಯಿಲ್ಲದೆ ಗುರುತಿಸಬೇಕು ಎಂಬ ಹಟ ನನ್ನಲ್ಲಿ ಹುಟ್ಟಿತು. ಅದಕ್ಕೇ ಮೌಂಟನ್ ಬೈಕು ಕೊಂಡೆ. ಯೇವೂರಿನ ಗುಡ್ಡದಲ್ಲಿ ಒಂದು ಮಳೆಗಾಲವಿಡೀ ಬಿದ್ದೆ, ಎದ್ದೆ. ಉಳಿದ ತರಬೇತಿಯನ್ನು ಘೋಡಬಂದರ್ ರಸ್ತೆಯ ಹೊಂಡಗಳು ಪುಕ್ಕಟೆಯಾಗಿ ಕೊಟ್ಟವು.

ಹೆಂಡತಿ ಸುಮತಿಗೆ ವಿಷಯ ತಿಳಿಸಿದೆ.

"ಅಲ್ಲಿ ಎಂತ ಉಂಟು ಮಾರಾಯ್ರೆ?"

"ಪರ್ವತ ಉಂಟು."

"ಪರ್ವತ ತಿನ್ಲಿಕ್ಕೆ ಆಗ್ತದಾ?"

ಮೊಬೈಲಿನಿಂದ ತಲೆಯೆತ್ತದೆ ಮಗಳು ಅಂದಳು: "ಪಪ್ಪಾ, ಲಿಫ್ಟ್ ಬಂದ್ ಪಡ್ಲೀ ತರ್ ತುಮ್ಹಿ ಖಾಲೀಚ್ ಬಸ್ತಾ!" ನಿಜ, ಲಿಫ್ಟು ಕೆಟ್ಟಾಗ ನಾನು ಮೆಟ್ಟಿಲು ಹತ್ತದೆ ಕೆಳಗೇ ವಾಚ್‌ಮನ್‌ನ ಕುರ್ಚಿಯಲ್ಲಿ ಕೂತಿರುತ್ತೇನೆ. ಮಹಾಪುರುಷರಿಗೆ ಮನೆಯಲ್ಲಿ ಎಂದೂ ಬೆಲೆಯಿಲ್ಲ. ಸುಮತಿ ಮಾತ್ರ ಗೊಣಗುತ್ತಲೇ ಅವಲಕ್ಕಿ, ಚಟ್ನಿಪುಡಿಗಳ ಜೊತೆ ಅಕ್ಕಿಹಿಟ್ಟು, ಉದ್ದಿನಹಿಟ್ಟುಗಳನ್ನೂ ಪೊಟ್ಟಣ ಕಟ್ಟಿ ಬ್ಯಾಗಿಗೆ ತುರುಕಿದಳು.

ಕಿರ್ಗಿಸ್ತಾನದಲ್ಲಿ ನಮ್ಮ ಸೈಕಲ್ ಗುಂಪಿನಲ್ಲಿ ನಾನೊಬ್ಬ ಬಿಟ್ಟರೆ ಎಲ್ಲರೂ ಜರ್ಮನರು. ಕಾಲುಗಳೋ ತೇಗದ ಕಂಬಗಳು! ಗೈಡ್ ಅಜಾಮತ್ ಬಹಳ ಒಳ್ಳೆಯವನು. ನಾನು ಸಸ್ಯಾಹಾರಿ ಎಂದು ತಿಳಿದ ಕೂಡಲೇ ಕುರಿಮಾಂಸದ ಸೂಪಿನಿಂದ ತುಂಡುಗಳನ್ನು ತನ್ನ ಕೈಯಾರೆ ಹೆಕ್ಕಿ ತೆಗೆದು, ಸೂಪನ್ನು ನನಗೆ ಕೊಟ್ಟ! ನಾನು ಅವಲಕ್ಕಿ ಮುಕ್ಕಿದೆ. ಅದೂ ಬೇಗ ಮುಗಿಯಿತು. ಘಾಟಿ ಹತ್ತುವ ಹಿಂದಿನ ಸಂಜೆ ಹಸಿವಿನಲ್ಲಿ ಕಣ್ಣು ಮುಚ್ಚಿದರೆ ಕಾವಲಿಯೇ ಕಾಣುತ್ತಿತ್ತು.

ಹಿಟ್ಟುಗಳಿಗೆ ನೀರು, ಉಪ್ಪು ಹಾಕಿ ಕಲಸಿದೆ. ಆದರೆ ಆ ಚಳಿಯಲ್ಲಿ ಹಿಟ್ಟು ಹುಳಿ ಬರುವುದುಂಟೇ? ಅದಕ್ಕೆ ಬೆಚ್ಚಗಿನ ಜಾಗ ಬೇಕು. ಬೆಚ್ಚಗಿದ್ದದ್ದು ನನ್ನ ಬೆನ್ನು ಒಂದೇ. ಸೈಕಲಿನವರು ಬೆನ್ನಿಗೆ ನೀರಿನ ರಬ್ಬರ್ ಚೀಲ ಕಟ್ಟಿಕೊಳ್ಳುತ್ತಾರೆ, ಅದರಿಂದ ಬಾಯಿಗೆ ಒಂದು ನಳಿಗೆ ಇರುತ್ತದೆ. ನೀರು ಚೆಲ್ಲಿ ಅದರಲ್ಲಿ ಹಿಟ್ಟು ತುಂಬಿದೆ. ಕಂಠಪೂರ್ತಿ! ಹಿಟ್ಟಿಗೆ ಏಳಲು ಜಾಗ ಬಿಡಬೇಕೆಂದು ನಮ್ಮ ಹೋಟೆಲಿನ ಅಡುಗೆ ಭಟ್ಟರಿಗೆ ದಿನಾ ಬೈಯುವವನೂ ನಾನೇ.

ಚೀಲವನ್ನು ಅಪ್ಪಿಕೊಂಡೇ ಮಲಗಿ, ಬೆಳಿಗ್ಗೆ ಬೆನ್ನಿಗೇರಿಸಿ ಹೊರಟೆ. ಜರ್ಮನರು ಕಣ್ಮರೆಯಾದರು. ನನಗೆ ಉಸಿರೇ ಸಿಗಲಿಲ್ಲ. ಕಾಲು ಮೈಲಿ ತುಳಿಯುವುದು, ಒಂದು ಮೈಲಿ ತಳ್ಳುವುದು. ಜೊತೆಗೇ ಉಳಿದ ಅಜಾಮತ್ ತನ್ನ ಹರಕು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ: "ಬಾಸ್, ತಳ್ಳುವುದೂ ಸೈಕ್ಲಿಂಗೇ." ಜೀಪು ತರಿಸಲೇ ಎಂದೂ ಕೇಳಿದ. ಬೇಡ ಎಂದೆ. ಅಳು ಬರುವಂತಿದ್ದರೂ ಬೇಡ ಎಂದೆ!

ಕೊನೆಗೂ ತುದಿ ಮುಟ್ಟಿದೆ. ಸುತ್ತ ಹಿಮ, ಕೆಳಗೆ ಮೋಡ, ನಡುವೆ ನಾನು. ಅಲ್ಲಿ ದೋಸೆ ಕೇಳುವವರು ಯಾರೂ ಇರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ. ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಇದನ್ನು ಸುಮತಿಗೆ ಹೇಳಿಲ್ಲ.

ಇಳಿಜಾರು ಶುರುವಾಯಿತು. ಬಿಸಿಲೂ ಏರಿತು. ಬೆನ್ನ ಮೇಲೆ ಏನೋ ಉಬ್ಬುತ್ತಿದೆ ಅನ್ನಿಸಿತು. ಆತ್ಮವಿಶ್ವಾಸ ಇರಬೇಕು ಎಂದುಕೊಂಡೆ! ಅಷ್ಟರಲ್ಲಿ ಚಕ್ರ ಬಂಡೆಯೊಂದಕ್ಕೆ ಬಡಿದು ಹಾರಿತು. ಬೆನ್ನ ಹಿಂದೆ 'ಢಬ್' ಎಂದಿತು. ಹೆಲ್ಮೆಟ್ಟು, ಕನ್ನಡಕ, ಬಾಯಿ ಎಲ್ಲ ಹಿಟ್ಟು! ಕಣ್ಣು ಕಾಣದೆ ಸೈಕಲ್ ಸಮೇತ ಕುರಿಮಂದೆಯೊಂದರ ನಡುವೆ ಹೋಗಿ ಬಿದ್ದೆ. ಕುರಿಗಳು ಮೆತ್ತಗಿದ್ದವು.

ಓಡಿಬಂದ ಅಜಾಮತ್ ನನ್ನ ತಲೆಯಿಂದ ಇಳಿಯುತ್ತಿದ್ದ ಬಿಳಿಯ ದ್ರವವನ್ನು ಕಂಡು ಕಿರುಚಿದ: "ಡಾಕ್ಟರ್! ಇವರ ಮೆದುಳು ಹೊರಗೆ ಬಂದಿದೆ!"

"ಮೆದುಳಲ್ಲ ಮಾರಾಯ, ಉದ್ದು!" ಎಂದು ಕೂಗಿದೆ. ಗಾಬರಿಯಲ್ಲಿ ಕನ್ನಡವೇ ಬಂತು. ಕೆಳಗೆ ಕಾಯುತ್ತಿದ್ದ ಜರ್ಮನರಲ್ಲಿ ಒಬ್ಬಾಕೆ ಡಾಕ್ಟರು. ಓಡಿಬಂದು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿ, ದೂರ ಸರಿದು ನಿಂತಳು.

ಪಕ್ಕದಲ್ಲೇ ಕುರಿ ಕಾಯುವವರ ಡೇರೆ. ಅಲ್ಲಿನ ಅಜ್ಜಿ ಮುಖ ತೊಳೆಯಲು ಬಿಸಿನೀರು ಕೊಟ್ಟಳು. ತೊಳೆದು ನೋಡಿದರೆ, ಒಡೆದ ಚೀಲದ ತಳದಲ್ಲಿ ಅರ್ಧ ಹಿಟ್ಟು ಹಾಗೇ ಉಳಿದಿತ್ತು. ಮತ್ತು ಎಂಥ ಹಿಟ್ಟು! ಅಂಥ ಹದ ನೌಪಾಡಾದಲ್ಲಿ ಒಂದು ದಿನವೂ ಬಂದದ್ದಿಲ್ಲ. ಅದನ್ನು ಚೆಲ್ಲಲು ನನಗೆ ಮನಸ್ಸು ಬರಲಿಲ್ಲ. ಅಜ್ಜಿಯ ಒಲೆ, ಅಜ್ಜಿಯ ಕಬ್ಬಿಣದ ಬಾಣಲೆ, ಅಜ್ಜಿಯ ಬೆಣ್ಣೆ. ಮೊದಲನೆಯದು ಹರಿಯಿತು. ಎರಡನೆಯದು ಎದ್ದಿತು, ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಯಿತು! ಚಟ್ನಿಪುಡಿ ಉದುರಿಸಿ ಅಜ್ಜಿಗೆ ಕೊಟ್ಟೆ. ಅವಳು ತಿಂದು, ನನ್ನ ಎರಡೂ ಕೆನ್ನೆ ಹಿಡಿದು ಏನೋ ಹರಸಿದಳು. ಮರುಕ್ಷಣ ಜರ್ಮನರು ತಟ್ಟೆ ಹಿಡಿದು ನುಗ್ಗಿದರು.

"ಅರೇ, ಲೈನ್ ಮೇ ಆವೋ!" ಎಂದು ಗದರಿದೆ. ಬಂದರು!

ಬೀಳ್ಕೊಡುವ ದಿನ ವಿಮಾನ ನಿಲ್ದಾಣದಲ್ಲಿ ಅಜಾಮತ್ ನನ್ನೊಬ್ಬನನ್ನೇ ಬದಿಗೆ ಕರೆದ. "ಬಾಸ್, ಮುಂದಿನ ವರ್ಷವೂ ಬರಬೇಕು. ಇದಕ್ಕಿಂತ ದೊಡ್ಡ ಘಾಟಿ. ನಿಮಗೆ ಎಲ್ಲಾ ಫ್ರೀ."

ನನ್ನ ಎದೆ ಉಬ್ಬಿತು. ಜರ್ಮನರನ್ನೆಲ್ಲ ಬಿಟ್ಟು ನನ್ನನ್ನು ಆರಿಸಿದ್ದಾನೆ! "ಅಷ್ಟು ಎತ್ತರ ನನ್ನಿಂದಾದೀತೇ?" ಎಂದು ವಿನಯ ತೋರಿಸಿದೆ.

"ಯಾಕಾಗುವುದಿಲ್ಲ? ನೀವು ಜೀಪಿನಲ್ಲಿ ಮುಂದೆ ಹೋಗಿ ದೋಸೆ ಹಾಕುತ್ತಿರಿ. ನಾವು ಸೈಕಲಿನಲ್ಲಿ ಬರುತ್ತೇವೆ."

ಅವಮಾನ! ಘಾಟಿ ದಾಟಿದ ವೀರನಿಗೆ ಇಂಥ ಮಾತೇ? ಖಡಾಖಂಡಿತವಾಗಿ ನಿರಾಕರಿಸಲೆಂದು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ:

"ಚಟ್ನಿಗೆ ತೆಂಗಿನಕಾಯಿ ಸಿಗ್ತದಾ?"