ಇಪ್ಪತ್ತೈದು ದಾಟದ ಸೈಕಲ್ಲು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬಲೂ ಬೇಡಿ. ನನ್ನ ಮಾತಿನಲ್ಲಿ ಮುಕ್ಕಾಲು ಪಾಲು ಗಾಳಿ ಎಂದು ಹಾನಗಲ್ಲಿನ ನಮ್ಮ ಓಣಿಯ ನಾಯಿಗಳಿಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ನನಗಿಂತ ದೊಡ್ಡ ಬಡಾಯಿ ಹೊಡೆಯುವವರು ಒಬ್ಬರಿದ್ದಾರೆ ಎಂಬುದು ಮೊನ್ನೆಯವರೆಗೆ ನನಗೇ ಗೊತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಅಪ್ಪ ನನಗೊಂದು ಬ್ಯಾಟರಿ ಸೈಕಲ್ಲು ಕೊಡಿಸಿದ. ಅಪ್ಪ ತಡಸದ ಮೇಲೆ ಹಾದು ಹುಬ್ಬಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನ ಡ್ರೈವರ್. ಊಟಕ್ಕೆ ಕೂತಾಗಲೂ ಎಡಬಲ ನೋಡಿಯೇ ರೊಟ್ಟಿಗೆ ಕೈ ಚಾಚುವ ಮನುಷ್ಯ. ಕೀಲಿ ಕೊಡುವ ಮೊದಲು ಕಾನೂನಿನ ಪಾಠ ಆಯಿತು. ಮೋಟಾರು ಸಣ್ಣದಿದ್ದು, ತಾಸಿಗೆ ಇಪ್ಪತ್ತೈದು ಕಿಲೋಮೀಟರ್ ದಾಟದಿದ್ದರೆ ಸರ್ಕಾರದ ಕಣ್ಣಿಗೆ ಅದು ಬರೀ ಸೈಕಲ್ಲು. ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ. ದಾಟಿತೋ, ಅದು ಗಾಡಿ, ಎಲ್ಲವೂ ಬೇಕು. ನನಗೆ ಹದಿನಾರು. ಇನ್ನೂ ಮೀಸೆಯೇ ಬಂದಿಲ್ಲ, ಲೈಸೆನ್ಸ್ ಎಲ್ಲಿಂದ ಬರಬೇಕು?

"ಇಪ್ಪತ್ತೈದು ದಾಟೇತಿ ಅಂತ ಯಾರ ಬಾಯಿಂದರ ನನ್ನ ಕಿವಿಗೆ ಬಿತ್ತಂದ್ರ, ಕೀಲಿ ನನ್ನ ಕಿಸೆದಾಗ" ಎಂದ ಅಪ್ಪ.

ಆ ಬಡಪಾಯಿ ಸೈಕಲ್ಲು ದಾಟುವುದುಂಟೆ! ಇಳಿಜಾರಿನಲ್ಲಿ, ಹಿಂದಿನಿಂದ ಗಾಳಿ ತಳ್ಳಿದರೂ ಇಪ್ಪತ್ತೆರಡು. ಹಿರೇಕೆರೂರಿನ ಮಾವನ ಮಗನಿಗೆ ಮಾತ್ರ ಫೋನಿನಲ್ಲಿ ನಲವತ್ತು ಎಂದಿದ್ದೆ. ನಾಲಿಗೆಯ ಸ್ಪೀಡಿಗೆ ಇನ್ನೂ ಕಾನೂನು ಬಂದಿಲ್ಲವಲ್ಲ.

ಈಗ ನಮ್ಮ ಅಜ್ಜಿ, ಅಂದರೆ ಅಪ್ಪನ ಅವ್ವ. ಮೊಣಕಾಲು ಹಿಡಿದ ಮೇಲೆ ಅವಳು ಮನೆಯ ಕಟ್ಟೆ ಬಿಟ್ಟು ಇಳಿದದ್ದೇ ಕಡಿಮೆ. ಸಂಜೆಯಾದರೆ ಆ ಕಟ್ಟೆಗೆ ಎದುರುಮನೆಯ ಶಾಂತವ್ವ ಬಂದು, ಅಳಿಯನ ಕಾರಿನಲ್ಲಿ ಶಿಗ್ಗಾಂವಿಗೆ ಹೋಗಿಬಂದ ಕಥೆ ಹೇಳುತ್ತಾಳೆ. ಅವಳು ಹೋದದ್ದು ಒಂದೇ ಸಲ. ಕಥೆ ಮಾತ್ರ ದಿನಾ ಹೋಗಿಬರುತ್ತದೆ. ಅಜ್ಜಿ ಅಡಿಕೆ ಕತ್ತರಿಸುತ್ತ, "ಹೌದೇನ? ಹಂಗೇನ?" ಅನ್ನುತ್ತಾಳೆ. ತಿರುಗಿ ಹೇಳಲು ಅವಳ ಹತ್ತಿರ ಒಂದು ಊರೂ ಇಲ್ಲ.

ಮೊನ್ನೆ ಸಂತೆಗೆ ಸವಣೂರಿನ ವೀಳ್ಯದೆಲೆ ತರಲು ಹೊರಟಿದ್ದೆ. "ನೀ ಬಾಡಿದ್ದ ತರ್ತೀ, ನಾನೂ ಬರ್ತೇನಿ" ಎಂದು ಅಜ್ಜಿ ಕ್ಯಾರಿಯರ್ ಮೇಲೆ ಕೌದಿ ಮಡಚಿ ಹಾಕಿಸಿ ಕೂತೇಬಿಟ್ಟಳು. ಸೈಕಲ್ಲು ನರಳಿತು. ಹನ್ನೆರಡು, ಹದಿಮೂರು. ಒಂದು ಆಡು ನಮ್ಮನ್ನು ದಾಟಿ ಮುಂದೆ ಹೋಗಿ, ಬಂದರೋ ಇಲ್ಲವೋ ಎಂದು ತಿರುಗಿ ನೋಡಿತು. ಕೆರೆಯ ದಂಡೆಗೆ ಬಂದಾಗ ಗಾಳಿಗೆ ಸೆರಗು ಹಾರಿತು. ಕನ್ನಡಿಯಲ್ಲಿ ನೋಡಿದರೆ ಅಜ್ಜಿ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು.

"ಎಷ್ಟರಾಗ ಹೊಂಟೈತೋ?"

"ನಲವತ್ತು, ಅಜ್ಜಿ! ಗಟ್ಟಿ ಹಿಡಕೊ!"

"ಇನ್ನೊಂಚೂರು ಬಿಡೋ!"

ಬರುವಾಗ ಏರಿನಲ್ಲಿ ಮೋಟಾರು ಕೈಕೊಟ್ಟಿತು. ನಾನಿಳಿದು, ಅವಳನ್ನು ಕೂರಿಸಿಕೊಂಡೇ ಮನೆಯವರೆಗೆ ದೂಡಿದೆ.

ಅಂದು ಸಂಜೆ ಶಾಂತವ್ವ ತನ್ನ ಕಾರು ಹೊರಡಿಸುವ ಮೊದಲೇ ಅಜ್ಜಿ ಹೊರಟಳು.

"ನಲವತ್ತರಾಗ ಹೋದ್ವಿ, ಶಾಂತಾ."

"ಹೋಗ ನಿನ್ನ! ಸೈಕಲ್ ಮ್ಯಾಲ?"

"ಅದು ಮೊದಲ. ಕೆರಿ ದಂಡಿಗೆ ಬಂದ ಮ್ಯಾಲ ಐವತ್ತು. ಒಂದು ಆಡು ಬೆನ್ನ ಹತ್ತಿ ಓಡಿ ಬಂತು. ನಮ್ಮನ್ನ ಹಿಡ್ಯಾಕ ಆಗ್ಲಿಲ್ಲ ಅದಕ್ಕ. ಪಾಪ, ನಿಮ್ಮ ಅಳಿಯ ಕಾರಿನ ಗಾಜ ಏರಿಸಿರ್ತಾನ, ನಿನಗ ಗಾಳಿ ಎಲ್ಲಿ ಸಿಗಬೇಕು?"

ಬಾಗಿಲಲ್ಲಿ ಕೂತಿದ್ದ ನಾನು ಮನಸ್ಸಿನಲ್ಲೇ ಅವಳ ಕಾಲಿಗೆ ಬಿದ್ದೆ. ಈ ವಿದ್ಯೆಯಲ್ಲಿ ನಾನಿನ್ನೂ ಅಂಗನವಾಡಿ.

ಆಗ ಶಾಂತವ್ವ ಹುಟ್ಟಿದಾಗಿನಿಂದ ಆಡದ ಮಾತು ಆಡಿದಳು: "ಹೌದೇನ? ಹಂಗೇನ?"

ಅಜ್ಜಿಯ ಮುಖ ನೀವು ನೋಡಬೇಕಿತ್ತು. "ಕಡೀಕ ಎಷ್ಟಾತು ಗೊತ್ತೇನ? ಅರವತ್ತು! ಬೇಕಾದ್ರ ಇವನ್ನ ಕೇಳು!"

"ಅರವತ್ತ?"

ಕೇಳಿದ್ದು ಶಾಂತವ್ವನಲ್ಲ. ಡ್ಯೂಟಿ ಮುಗಿಸಿ ಬಂದ ಅಪ್ಪ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಅವನು ಬಸ್ಸನ್ನೂ ಅಷ್ಟು ಜೋರು ಬಿಡುವವನಲ್ಲ.

ಹದಿಮೂರು ಎಂದಿದ್ದರೆ ಮುಗಿಯುತ್ತಿತ್ತು. ಆಡಿನ ವಿಷಯ, ದೂಡಿದ ವಿಷಯ ಹೇಳಿದ್ದರೆ ಸೈಕಲ್ಲು ಉಳಿಯುತ್ತಿತ್ತು. ಬಾಯಿ ತೆರೆದೆ. ಶಾಂತವ್ವ ಕಿವಿ ಮುಂದೆ ಮಾಡಿದಳು. ಅಜ್ಜಿಯ ಅಡಕತ್ತರಿ ನಿಂತಿತು. ಅವಳ ಕಣ್ಣಿನಲ್ಲಿ ಹೆದರಿಕೆಯೇ ಇರಲಿಲ್ಲ. ನಿಜವಾಗಿಯೂ ಅರವತ್ತರಲ್ಲಿ ಹೋಗಿಬಂದವರ ಕಣ್ಣು ಅದು.

"ಹೌದಪಾ" ಎಂದೆ. "ಅರವತ್ತಕ್ಕ ಒಂಚೂರು ಕಮ್ಮಿ. ಐವತ್ತೆಂಟು."

ಜೀವನದಲ್ಲಿ ಮೊದಲ ಸಲ ಇಳಿಸಿ ಹೇಳಿದ್ದೆ. ಕಾನೂನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಪ್ಪ ಎಡಬಲ ನೋಡಿ ಕೈ ಚಾಚಿದ.

"ಕೀಲಿ."