ಮೇ ತಿಂಗಳಲ್ಲಿ ಚಳಿ ಹಿಡಿದ ಕಾರು

ಏಸಿ ಕೆಟ್ಟರೆ ನಮ್ಮ ಜನರ ಹತ್ತಿರ ಒಂದೇ ಕಾರಣವಿದೆ: ಗ್ಯಾಸ್ ಹೋಗಿದೆ. ಮನುಷ್ಯನಿಗೆ ಮೈ ಸರಿಯಿಲ್ಲದಿದ್ದರೆ ದೃಷ್ಟಿ ತಾಗಿರಬಹುದು, ಪಿತ್ತವಾಗಿರಬಹುದು, ಹೊರಗೆ ಹಾಳುಮೂಳು ತಿಂದಿರಬಹುದು ಎಂದು ನಾಲ್ಕು ಕಡೆಯಾದರೂ ಯೋಚನೆ ಮಾಡುತ್ತಾರೆ. ಏಸಿಗೆ ಆ ಔದಾರ್ಯವೂ ಇಲ್ಲ. ಗ್ಯಾಸನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಆದರೂ ಅದರ ಮೇಲೆ ಎಲ್ಲರಿಗೂ ಕುಲದೇವರಷ್ಟು ನಂಬಿಕೆ. ನಾನು ಕಣ್ಣಿಗೆ ಕಾಣುವ, ಬೆರಳಲ್ಲಿ ಹಿಡಿಯಬಹುದಾದ ಒಂದು ಸೆನ್ಸರಿನ ಹೆಸರು ಹೇಳಿದ್ದಕ್ಕೆ ಮನೆಯವರೆಲ್ಲ ಸೇರಿ ನನ್ನನ್ನೇ ರಿಪೇರಿಗೆ ಕಳಿಸಬೇಕು ಎನ್ನುವಂತೆ ನೋಡಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ನಮ್ಮ ಚಿಕ್ಕಪ್ಪ, ಕಾಕಾ ಅವರದು. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಬೆಲ್ಲದ ವ್ಯಾಪಾರದಲ್ಲಿ ನೆಲೆನಿಂತವರು. ನಾನು ಅವರ ಮನೆಯಲ್ಲಿದ್ದುಕೊಂಡು ಕಾಮರ್ಸ್ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಊರಿಗೆ ಹೇಳುವ ಮಾತು. ನಿಜವಾಗಿ ನಾನು ಮಿಕ್ಸರ್, ರೇಡಿಯೋ, ಇಸ್ತ್ರಿಪೆಟ್ಟಿಗೆ ಬಿಚ್ಚುತ್ತಿದ್ದೆ. ಕೆಲವನ್ನು ಮತ್ತೆ ಜೋಡಿಸಿಯೂ ಇದ್ದೇನೆ. ಹೀಗಿರುವಾಗ ವರ್ಗವಾಗಿ ಹೊರಟ ಯಾವುದೋ ದೊಡ್ಡ ಸಾಹೇಬರಿಂದ ಕಾಕಾ ಈ ಹಳೆಯ ಕಾರು ಕೊಂಡರು. ಇಪ್ಪತ್ನಾಲ್ಕು ಡಿಗ್ರಿ ಎಂದು ಒತ್ತಿದರೆ ಸಾಕು, ಒಳಗಿನ ಸೆಕೆ ಎಷ್ಟಿದೆ ಎಂದು ತಾನೇ ನೋಡಿಕೊಂಡು ತಾನೇ ತಂಪು ಮಾಡುವ ಏಸಿ ಅದರಲ್ಲಿತ್ತು. ತನ್ನದೇ ತಲೆ ಇರುವ ಯಂತ್ರ ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ನನಗಂತೂ ಗುರುಕುಲವೇ ಬಾಗಿಲಿಗೆ ಬಂದು ನಿಂತ ಹಾಗಾಯಿತು.

ಆ ಮೇ ತಿಂಗಳಲ್ಲಿ ಗುರುಗಳು ಬಿಸಿ ಗಾಳಿ ಊದತೊಡಗಿದರು. ಹೊರಗೆ ಪುಣೆಯ ಬಿಸಿಲು, ಒಳಗೆ ರೊಟ್ಟಿ ಹಂಚಿಗೆ ಮುಖ ಕೊಟ್ಟು ಕುಳಿತ ಅನುಭವ. ಗ್ಯಾರೇಜಿನವನು ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಗ್ಯಾಸ್ ಸಂಪ್ಲಾಯ್ ಶೇಟ್," ಎಂದ. ಗ್ಯಾಸ್ ಮುಗಿದಿದೆಯಂತೆ. ತುಂಬಿಸಿದೆವು. ಅದರ ಭರವಸೆಯ ಮೇಲೆ ಕಾಕಾ ಅವರ ಹೆಂಡತಿ ಕಾಕು ಅವರನ್ನು ಕರೆದುಕೊಂಡು ಲೋಣಾವಳೆಗೆ ಹೋಗಿಬಂದೆವು. ಬರುವಾಗ ಕೊಂಡ ಚಿಕ್ಕಿ ಮನೆ ಮುಟ್ಟುವಷ್ಟರಲ್ಲಿ ಕೈಗೆ ಅಂಟುವ ಮುದ್ದೆಯಾಗಿತ್ತು, ಕಾಕು ಚಮಚ ಕೊಟ್ಟು ಬಡಿಸಿದರು. ಗ್ಯಾರೇಜಿನವನಿಗೆ ಇದನ್ನು ಹೇಳಿದರೆ, ತುಂಬಿಸಿದ ಗ್ಯಾಸ್ ಸೋರಿಹೋಗಿದೆ ಎಂದು ಮತ್ತೊಮ್ಮೆ ತುಂಬಿಸಿದ. ಕಾರು ಇನ್ನಷ್ಟು ಹುರುಪಿನಿಂದ ಬಿಸಿ ಊದಿತು.

ನಾನು ಸೈಬರ್ ಕೆಫೆಯಲ್ಲಿ ಕುಳಿತು, ಯಾವ ದೇಶದವರೋ ಬರೆದದ್ದನ್ನೆಲ್ಲ ಓದಿದೆ. ಬಾನೆಟ್ ತೆಗೆದು ಏಸಿಯ ದಪ್ಪ ಪೈಪು ಮುಟ್ಟಿದೆ. ಮಣ್ಣಿನ ಗಡಿಗೆಯ ಹಾಗೆ ತಣ್ಣಗಿತ್ತು, ಮೇಲೆ ನೀರು ಬೆವರಿತ್ತು. ಅಂದರೆ ತಂಪು ತಯಾರಾಗುತ್ತಿದೆ, ಒಳಗೆ ಬರುವಾಗ ಯಾರೋ ಅದಕ್ಕೆ ಬಿಸಿ ಬೆರೆಸುತ್ತಿದ್ದಾರೆ. ಒಳಗಿನ ಸೆಕೆ ಅಳೆಯುವ ಸೆನ್ಸರ್ ಕೆಟ್ಟು, ಕಾರು ತಾನು ಹಿಮಾಲಯದಲ್ಲಿದ್ದೇನೆ ಎಂದು ತಿಳಿದುಕೊಂಡಿದೆ. ಇಷ್ಟನ್ನೂ ಸುಲಭ ಮಾಡಿ ಕಾಕಾ ಅವರಿಗೆ ಹೇಳಿದೆ: "ಕಾಕಾ, ಗಾಡಿಗೆ ಥಂಡಿ ಆಗೇದಂತ ಅನಿಸಾಕತ್ತೇದ್ರಿ. ಅದಕ್ಕ ಬಿಸಿ ಗಾಳಿ ಬಿಡ್ತದ."

"ಮೇ ತಿಂಗಳದಾಗ ಥಂಡಿ?" ಎಂದರು ಕಾಕಾ. "ಹಂಗಾದ್ರ ನಿಂದೊಂದು ಸ್ವೆಟರ್ ಹಾಕು ಅದಕ್ಕ. ಐತವಾರ ಇಂದಾಪುರದಿಂದ ಒಬ್ಬಾಂವ ಗಾಡಿ ನೋಡ್ಲಿಕ್ಕೆ ಬರ್ತಾನ. ಕೊಟ್ಟ ಬಿಡೂದು."

ಕಾರು ಹೋದರೆ ನನಗೆ ಬಿಚ್ಚಲು ಉಳಿಯುವುದು ಬೆಲ್ಲದ ಅಂಗಡಿಯ ತಕ್ಕಡಿ ಮಾತ್ರ. ಏಸಿ ಸರಿಯಾದರೆ? ಎಂದು ಕೇಳಿದೆ. ಸರಿಯಾದರೆ ಯಾರು ಯಾಕೆ ಮಾರುತ್ತಾರೆ, ಎಂದರು. ಅಷ್ಟು ಸಾಕಾಗಿತ್ತು.

ಶನಿವಾರ ಕಾಕಾ ಅಂಗಡಿಗೆ ಹೋದ ಮೇಲೆ ಡ್ಯಾಶ್‌ಬೋರ್ಡಿಗೆ ಕೈಹಾಕಿದೆ. ಸ್ಟಿಯರಿಂಗ್ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳ ಒಂದು ಜಾಲರಿ ಇತ್ತು. ಅದರ ಹಿಂದೆಯೇ ಸೆನ್ಸರ್, ಕೊತ್ತಂಬರಿ ಬೀಜದಷ್ಟು. ಜಾಲರಿ ಬಿಚ್ಚಿದ ಕೂಡಲೇ ತೊಡೆಯ ಮೇಲೆ ಬೂದಿ ಸುರಿಯಿತು. ಅದರ ಹಿಂದೆಯೇ ಊದಿನಕಡ್ಡಿಯ ಕೆಂಪು ಬಿದಿರು ತುಂಡುಗಳು, ಒಂದು ಹಿಡಿ. ಅವುಗಳಲ್ಲಿ ಒಂದು ಸೆನ್ಸರಿನ ಕಾಲನ್ನೇ ಮುರಿದು ಹಾಕಿತ್ತು. ಮೀಟರ್ ಹಚ್ಚಿ, ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ ನೋಡಿದೆ. ಅಂಕಿ ಕದಲಲಿಲ್ಲ. ಸತ್ತಿತ್ತು.

ಕಾಕು ಬಾಗಿಲಲ್ಲೇ ನಿಂತಿದ್ದರು. ಇದು ಯಾರ ಕೆಲಸ ಎಂದು ಕೇಳಿದೆ.

"ನಂದ. ದಿನಾ ಮುಂಜಾನೆ ಗಾಡಿಗೆ ಊದಿನಕಡ್ಡಿ ಬೆಳಗಿ ಅಲ್ಲೇ ಚುಚ್ಚತೀನಿ," ಎಂದರು ಶಾಂತವಾಗಿ. "ಅದಕ್ಕಂತನ ತೂತು ಮಾಡಿ ಕೊಟ್ಟಾರಲ್ಲ."

"ಅದು ಗಾಳಿ ಒಳಗ ಹೋಗ್ಲಿಕ್ಕೆ ಮಾಡಿದ್ದ್ರೀ ಕಾಕು."

"ಗಾಳಿಗೆ ಇಷ್ಟಿಷ್ಟು ದೊಡ್ಡ ಕಿಡಕಿ ಇಟ್ಟಾರ. ಅದ್ಯಾಕ ತೂತಿನಾಗ ಹೊಕ್ಕೊಂಡು ಹೋಗ್ತದ?"

ಸೆನ್ಸರ್ ಮಾಡಿದ ಇಂಜಿನಿಯರನ ಮೇಲೂ ನನಗೆ ಸಿಟ್ಟು ಬಂತು. ಊದಿನಕಡ್ಡಿ ಸರಿಯಾಗಿ ಹಿಡಿಯುವ ಅಳತೆಯ ತೂತನ್ನೇ ಮಾಡಬೇಕಿತ್ತೆ ಆ ಮಹಾನುಭಾವ?

ಆಗಲೇ ರೇಡಿಯೋ ಬಿಡಿಭಾಗ ಸಿಗುವ ಬುಧವಾರ ಪೇಠೆ ಎಂಬ ಬಜಾರಿಗೆ ಓಡಿ, ಅದೇ ಗುಣದ ಇನ್ನೊಂದು ಸೆನ್ಸರ್ ಕಾಳು ತಂದು ಬೆಸುಗೆ ಹಾಕಿದೆ. ಸಂಜೆ ಕಾಕಾ ಅವರನ್ನು ಕೂರಿಸಿ ಗುಂಡಿ ಒತ್ತಿದಾಗ ಕಾರು ತಂಪು ಸೂಸಿತು. ಕಾಕಾ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸೀಟಿಗೆ ಒರಗಿ, ತೃಪ್ತಿಯಿಂದ ಹೇಳಿದರು: "ಮೊನ್ನೆ ತುಂಬಿಸಿದ ಗ್ಯಾಸ್ ಈಗ ಹತ್ತೇದ ನೋಡು."

ನಾನು ಮುರಿದ ಸೆನ್ಸರ್ ತೋರಿಸಿದೆ, ಬೂದಿ ತೋರಿಸಿದೆ, ಬಿದಿರಿನ ತುಂಡು ತೋರಿಸಿದೆ. ಅವರು ಎಲ್ಲವನ್ನೂ ನೋಡಿ, ಗ್ಯಾಸ್ ಒಮ್ಮೊಮ್ಮೆ ತಡವಾಗಿಯೇ ಹತ್ತುತ್ತದೆ ಎಂದರು. ಹೋಗಲಿ, ಕಾರು ಮಾರುವುದಿಲ್ಲ ಎಂದೂ ಹೇಳಿದರು. ಇಂದಾಪುರದವರು ಪಾಪ ನಾಳೆ ಬಂದೇ ಬರುತ್ತಾರೆ, ಒಂದು ಸುತ್ತು ತಿರುಗಿಸಿ, ಚಹಾ ಕೊಟ್ಟು ಕಳಿಸು ಎಂದು ನನಗೇ ಒಪ್ಪಿಸಿದರು.

ಭಾನುವಾರ ಇಂದಾಪುರದವರು ಎಸ್‌ಟಿ ಬಸ್ಸಿನಲ್ಲಿ ಬೆಂದು, ಹೆಗಲ ಟವೆಲಿನಿಂದ ಕತ್ತು ಒರೆಸುತ್ತ ಬಂದರು. ಏಸಿ ಕೆಟ್ಟಿದೆಯಂತಲ್ಲ, ಎಂದರು. ಹೌದು ಎನ್ನಬೇಕಿತ್ತು. ಹೌದು ಎಂದು ಕಿಟಕಿ ಇಳಿಸಿದ್ದರೆ ಅವರು ಅರ್ಧ ಸುತ್ತಿಗೇ ಇಳಿದು ಚಹಾ ಕುಡಿದು ಹೋಗುತ್ತಿದ್ದರು. ಆದರೆ ಮನೆಯಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳದ ಕಥೆಯನ್ನು ಕೇಳುವ ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತಿದ್ದ. ಇಪ್ಪತ್ತೆರಡಕ್ಕೆ ಇಟ್ಟೆ. ಪೈಪಿನಿಂದ ಶುರುಮಾಡಿ ಕೊತ್ತಂಬರಿ ಬೀಜದವರೆಗೆ ನನಗೆ ಬರುವ ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಕಣ್ಣು ಮುಚ್ಚಿ, ಬಾಯಿ ತುಸು ತೆರೆದು, ಪ್ರತಿ ಮಾತಿಗೂ ವಾಹ್ ಎನ್ನುತ್ತಿದ್ದರು. ನನ್ನ ಜೀವನದಲ್ಲಿ ಅಂಥ ಶ್ರೋತೃ ಸಿಕ್ಕಿರಲಿಲ್ಲ. ಮನೆ ಬಂದರೂ ಅವರು ಇಳಿಯಲಿಲ್ಲ. ಕಾಕಾ ಅವರನ್ನೇ ಕಾರಿನ ಹತ್ತಿರ ಕರೆಸಿ, ಕಿಟಕಿಯನ್ನು ಎರಡು ಬೆರಳಷ್ಟೇ ಇಳಿಸಿ, ಒಂದು ಬೆಲೆ ಹೇಳಿದರು. ಕಾಕಾ ವ್ಯಾಪಾರಿ. ಸೆನ್ಸರಿನ ಮಾತು ತಿಳಿಯದಿದ್ದರೂ ಈ ಮಾತು ಅವರಿಗೆ ಒಂದೇ ಸಲಕ್ಕೆ ತಿಳಿಯಿತು.

ಸೋಮವಾರದಿಂದ ಕಾಕಾ ಸ್ಕೂಟರ್ ಓಡಿಸಿದರು, ನಾನು ಹಿಂದೆ ಕುಳಿತೆ. ಲಕ್ಷ್ಮೀ ರಸ್ತೆಯಲ್ಲಿ ಬಿಸಿ ಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು. ಇದು ಎಲ್ಲಿಂದ ಬರುತ್ತಿದೆ ಎಂದು ಯಾವ ಮೀಟರೂ ಹಚ್ಚುವ ಅಗತ್ಯವಿರಲಿಲ್ಲ. ಕೆಟ್ಟ ಭಾಗ ಹಿಂದಿನ ಸೀಟಿನಲ್ಲೇ ಕುಳಿತಿತ್ತು.