ಉಗಾಂಡದ ಸೂಜಿ

ಹಳದಿ ಜ್ವರ ನನಗೆ ಬಂದಿಲ್ಲ. ಆದರೂ ಅದರಿಂದ ನನ್ನಷ್ಟು ನರಳಿದವನು ಮಂಡ್ಯ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ.

ನಾನು ಶಿವಲಿಂಗಯ್ಯ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವವನು. ಪಾಕದ ಹದವನ್ನು ಬೆರಳ ತುದಿಯಲ್ಲೇ ಹೇಳಬಲ್ಲೆ. (ಹೆಂಡತಿಯ ಹದ ಹದಿನಾಲ್ಕು ವರ್ಷವಾದರೂ ಸಿಕ್ಕಿಲ್ಲ, ಅದು ಬೇರೆ ಮಾತು.) ತೊಂಬತ್ತಾರರಲ್ಲಿ ಉಗಾಂಡದ ಸಕ್ಕರೆ ಕಾರ್ಖಾನೆಯೊಂದು ಈ ಕೆಲಸ ಕಲಿಸಲು ಮೂರು ತಿಂಗಳಿಗೆ ನನ್ನನ್ನು ಕರೆಯಿತು. ನಾನು ಹೂಂ ಅನ್ನುವುದರೊಳಗೆ ನನ್ನ ಧರ್ಮಪತ್ನಿ ಪ್ರೇಮಮ್ಮ ಕೆ.ಆರ್. ಪೇಟೆಯಿಂದ ತವರುಮನೆ ಕ್ಯಾತನಹಳ್ಳಿಯವರೆಗೂ ಸುದ್ದಿ ಮುಟ್ಟಿಸಿದ್ದಳು. ಇನ್ನು ನಾನು ಹೋಗದಿದ್ದರೆ ಅವಳ ಮಾನ ಹೋಗುತ್ತಿತ್ತು.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪುಸ್ತಕವಿಲ್ಲದೆ ಆ ದೇಶದೊಳಕ್ಕೆ ಬಿಡುವುದಿಲ್ಲವಂತೆ. ಅದೂ ಲಸಿಕೆಯಾಗಿ ಹತ್ತು ದಿನ ಕಳೆದಿರಬೇಕು. ವಿಮಾನಕ್ಕೆ ಉಳಿದಿದ್ದದ್ದು ಹನ್ನೆರಡೇ ದಿನ. ಬೆಂಗಳೂರಿನ ಕೇಂದ್ರದಲ್ಲಿ ಚುಚ್ಚುವುದೋ ವಾರಕ್ಕೆ ಒಂದೇ ದಿನ. ನಾನು ಸೂಜಿಗೆ ಹೆದರಿ ಓಡಿಹೋದೇನೆಂದು ಪ್ರೇಮಮ್ಮನೂ ಮೊದಲ ಬಸ್ಸಿಗೇ ಜೊತೆಗೆ ಹೊರಟಳು.

ಅಲ್ಲಿ ನರ್ಸು ಕೇಳಿದ ಮೊದಲ ಪ್ರಶ್ನೆ, ಮೊಟ್ಟೆ ತಿಂದರೆ ಮೈಗೆ ಒಗ್ಗುತ್ತದೆಯೇ ಎಂದು. ಮದ್ದು ತಯಾರಾಗುವುದೇ ಕೋಳಿಮೊಟ್ಟೆಯಲ್ಲಂತೆ. ಔಷಧಕ್ಕೆ ಮಡಿಯಿಲ್ಲ ಎಂದು ಪ್ರೇಮಮ್ಮ ಆ ಕ್ಷಣವೇ ತೀರ್ಪು ಕೊಟ್ಟಳು. ಆಮೇಲೆ ಹೆಮ್ಮೆಯಿಂದ, "ನಮ್ದು ಲಿಂಗ ಕಟ್ಟೋ ಮನೆ ಕಣವ್ವ. ಮೊಟ್ಟೆ ಅಂಗಿರ್ಲಿ, ಅದ್ರ ಸಿಪ್ಪೇನೂ ಇವ್ರು ಕಂಡಿಲ್ಲ" ಅಂದಳು.

ನರ್ಸು ನಮ್ಮನ್ನು ಡಾಕ್ಟರ ಮುಂದೆ ಕೂರಿಸಿದಳು. ತಿಂದೇ ಇಲ್ಲದವರಿಗೆ ಒಗ್ಗುತ್ತದೋ ಇಲ್ಲವೋ ಹೇಗೆ ಹೇಳುವುದು, ಪರೀಕ್ಷೆ ಮಾಡಬೇಕು, ಮುಂದಿನ ವಾರ ಬನ್ನಿ ಎಂದರು ಅವರು. ಮುಂದಿನ ವಾರವೆಂದರೆ ವಿಮಾನ ಹೋದ ಹಾಗೆಯೇ. ಒಂದು ಕಡೆ ಉಗಾಂಡ, ಇನ್ನೊಂದು ಕಡೆ ಪ್ರೇಮಮ್ಮ. ಏನಾದರಾಗಲಿ, ಹೋಗಿಯೇ ತೀರುವುದೆಂದು ಗಟ್ಟಿ ಮನಸ್ಸು ಮಾಡಿ, ಡಾಕ್ಟರ ಕಿವಿಯ ಹತ್ತಿರ ಬಗ್ಗಿ, "ತಿಂದಿವ್ನಿ ಸಾರ್" ಅಂದೆ.

ಆ ಮಹಾನುಭಾವರು ಎಲ್ಲವನ್ನೂ ಗಟ್ಟಿಯಾಗಿ ಕೇಳಿ ಬರೆದುಕೊಳ್ಳುವ ಜಾತಿ.

"ಯಾವಾಗ?"

"ಶನಿವಾರ ಶನಿವಾರ. ಬಸ್‌ಸ್ಟ್ಯಾಂಡ್ ಹತ್ರದ ಓಟ್ಲಲ್ಲಿ."

"ಎಷ್ಟು?"

"ಎರಡು ಮೊಟ್ಟೆ ಆಮ್ಲೆಟ್ಟು."

"ಎಷ್ಟು ವರ್ಷದಿಂದ?"

"ಆರು."

"ಏನೂ ತೊಂದರೆ ಆಗಿಲ್ಲವಾ?"

ಇಲ್ಲಿಯವರೆಗೆ ಆಗಿಲ್ಲ ಎಂದೆ. ಹಿಂದಿನಿಂದ ಪ್ರೇಮಮ್ಮನ ದನಿ ಮೆಲ್ಲಗೆ ಕೇಳಿಸಿತು: "ಆರ್ನೂರಾ ಇಪ್ಪತ್ನಾಕು ಮೊಟ್ಟೆ."

ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ.

ವಾಪಸು ಬಸ್ಸಿನಲ್ಲಿ ನಾಗಮಂಗಲ ದಾಟುವವರೆಗೂ ಅವಳು ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ನನ್ನ ನೋಯುವ ತೋಳಿಗೆ ಸೆರಗಿನಿಂದ ಗಾಳಿ ಬೀಸುತ್ತಾ, "ಓಗ್ಬನ್ನಿ. ಅಲ್ಲಿ ನಿಮ್ಮ ಊಟದ ಯೋಚ್ನೆ ನನಗಿರ್ಲಿ" ಅಂದಳು. ಇಂಥ ಕ್ಷಮಾಗುಣದ ಹೆಂಡತಿಯಿಂದ ಆರು ವರ್ಷ ಮುಚ್ಚಿಟ್ಟೆನಲ್ಲಾ ಎಂದು ನನ್ನ ಕಣ್ಣು ತುಂಬಿಬಂತು.

ಉಗಾಂಡದ ಮೆಸ್ಸಿನಲ್ಲಿ ಮೊದಲ ಬೆಳಗ್ಗೆ ಎಲ್ಲರ ತಟ್ಟೆಗೂ ಉಬ್ಬಿದ ಆಮ್ಲೆಟ್ಟು ಬಿತ್ತು. ನನ್ನ ತಟ್ಟೆಗೆ ಬೇಯಿಸಿದ ಬಾಳೆಕಾಯಿ. ಮೆಸ್ಸಿನವನು ವಿನಯದಿಂದ ಒಂದು ಪತ್ರ ತೋರಿಸಿದ. ಪ್ರೇಮಮ್ಮ ಹೇಳಿದ್ದನ್ನು ಅವಳ ತಮ್ಮ, ಇಂಗ್ಲಿಷ್ ಮೇಷ್ಟ್ರು ಪುಟ್ಟಸ್ವಾಮಿ, ಬರೆದು ನನಗಿಂತ ಮೊದಲೇ ಕಳಿಸಿದ್ದ: ಮೊಟ್ಟೆ ಕಂಡರೇ ಇವರ ಮೈ ಊದುತ್ತದೆ, ದಯವಿಟ್ಟು ಹತ್ತಿರ ಸುಳಿಯಗೊಡಬೇಡಿ.

ಅದೆಲ್ಲ ಸುಳ್ಳು, ನಾನು ವರ್ಷಗಟ್ಟಲೆ ತಿಂದು ಗಟ್ಟಿಯಾಗಿದ್ದೇನೆ ಎಂದು ಬಾರದ ಇಂಗ್ಲಿಷಿನಲ್ಲಿ ವಾದಿಸಿದೆ. ಅವನು ಮರುಕದಿಂದ ನಕ್ಕು ಪತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ:

"ತಿಂದು ಅಭ್ಯಾಸವಿದೆ ಎನ್ನುತ್ತಾರೆ. ಪಾಪ, ನಂಬಬೇಡಿ."